ಪಕ್ಕದ ಸೀಟಿನ ಬ್ರೇಕು

ಮೊದಲ ದಿನ ಆಕೆ ನೇರವಾಗಿ ಬಂದು ಕಾರಿನ ಎಡಬಾಗಿಲು ತೆರೆದು, ಸೀಟನ್ನು ತನ್ನ ಅಳತೆಗೆ ಸರಿಸಿಕೊಂಡು, ಬೆಲ್ಟ್ ಬಿಗಿದು ಕೂತುಬಿಟ್ಟಳು. ಕಾಲಿಗೆ ಕ್ಲಚ್ಚು ಸಿಕ್ಕಿತು, ಬ್ರೇಕು ಸಿಕ್ಕಿತು. ಕೈಗೆ ಸ್ಟೀರಿಂಗ್ ಮಾತ್ರ ಸಿಗಲಿಲ್ಲ. ಒಂದು ಗಳಿಗೆ ಡ್ಯಾಶ್‌ಬೋರ್ಡನ್ನೇ ದಿಟ್ಟಿಸಿ, ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ನಿಮ್ಮ ದೇಶದಲ್ಲಿ ಒಂದು ಕಾರನ್ನ ಇಬ್ರು ಓಡಿಸ್ತಾರಾ?" ಅಂತ ಕೇಳಿದಳು.

ನಗು ತಡೆಯಲಾಗಲಿಲ್ಲ. ಆಕೆಯ ಊರು ಇರಾನಿನ ಶಿರಾಜ್. ಅಲ್ಲಿ ಬಂಡಿಗಳೆಲ್ಲ ರಸ್ತೆಯ ಬಲಕ್ಕೆ ಓಡುತ್ತವೆ, ಸ್ಟೀರಿಂಗ್ ಎಡಕ್ಕಿರುತ್ತದೆ. ಅಭ್ಯಾಸಬಲದಿಂದ ಆಕೆ ಕೂತದ್ದು ನನ್ನ ಜಾಗದಲ್ಲಿ. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ಗಾಬರಿಯಾದರೆ ನಾವು ತುಳಿಯುತ್ತೇವೆ. ಡಬಲ್ ಕಂಟ್ರೋಲ್ ಎಂದು ಅದರ ಹೆಸರು. ಹಲಸೂರಿನ ನಮ್ಮ ಸ್ಕೂಲಿನಲ್ಲಿ ಹೆಂಗಸರಿಗೆ ಕಲಿಸುವವಳು ನಾನೊಬ್ಬಳೇ. ರಾಣೆಬೆನ್ನೂರಿನಿಂದ ಗಂಡನ ಕೆಲಸದ ಹಿಂದೆ ಬಂದವಳು, ಮನೆಯಲ್ಲಿ ಕೂರಲಾಗದೆ ಈ ಸೀಟು ಹಿಡಿದವಳು. ದಿನವಿಡೀ ಎಡಸೀಟಿನಲ್ಲಿ ಕೂತು ಬಲಗಾಲನ್ನು ಬ್ರೇಕಿನ ಮೇಲೆ ತೇಲಿಸಿಕೊಂಡಿರುವುದೇ ನನ್ನ ಉದ್ಯೋಗ.

ಆಕೆಯ ಗಂಡ ಫ್ರೇಜರ್ ಟೌನಿನವನು. ಒಣಹಣ್ಣಿನ ವ್ಯಾಪಾರಕ್ಕೆಂದು ಶಿರಾಜಿಗೆ ಹೋಗಿ ಅಲ್ಲೇ ಮದುವೆಯಾಗಿ ಉಳಿದಿದ್ದ. ಅಪ್ಪ ತೀರಿಕೊಂಡ ಮೇಲೆ ಶಿವಾಜಿನಗರದ ಅಂಗಡಿ ನೋಡಿಕೊಳ್ಳಲು ಹೆಂಡತಿ ಮಗಳೊಂದಿಗೆ ವಾಪಸು ಬಂದ. ಅವನಿಗೆ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ. ಅಪ್ಪನ ಹಳೆಯ ಕಾರು ಮನೆಯ ಮುಂದೆ ಹೊದಿಕೆ ಹೊದ್ದುಕೊಂಡು ನಿಂತಿತ್ತು. ಎಂಟು ವರ್ಷದ ಮಗಳಿಗೆ ಎರಡೂ ಕಾಲಿನ ಆಪರೇಷನ್ ಆಗಿತ್ತು. ಮಗು ವಾಕರ್ ಹಿಡಿದು ನಡೆಯುತ್ತಿತ್ತು, ಕೂತರೆ ಕಾಲು ಚಾಚಿಯೇ ಕೂರಬೇಕಿತ್ತು. ವಿಮಾನಪುರದ ಒಂದು ಥೆರಪಿ ಸೆಂಟರಿನಲ್ಲಿ ಬೆಳಗಿನ ಬ್ಯಾಚಿಗೆ ಜಾಗ ಸಿಕ್ಕಿತ್ತು. ದಿನಾ ಹೊತ್ತಿಗೆ ಸರಿಯಾಗಿ ಬಂದರೆ ಜಾಗ, ಇಲ್ಲದಿದ್ದರೆ ಅದು ಸರದಿಯಲ್ಲಿರುವ ಮುಂದಿನ ಮಗುವಿಗೆ. ಆಟೋದಲ್ಲಿ ವಾಕರ್ ಹಿಡಿಸಿದರೆ ಮಗು ಹಿಡಿಸುವುದಿಲ್ಲ. ಬೆಳಗಿನ ಹೊತ್ತು ಕ್ಯಾಬು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕಾರು ಓಡಿಸಬೇಕಾದವಳು ಆಕೆಯೇ.

ಶಿರಾಜಿನ ಲೈಸೆನ್ಸ್ ಇತ್ತು. ಜೊತೆಗೆ ತಂದಿದ್ದ ಅಂತರರಾಷ್ಟ್ರೀಯ ಪರ್ಮಿಟ್ಟಿನ ಅವಧಿ ಮುಗಿದಿತ್ತು. ಇಲ್ಲೇ ನೆಲೆಸಿದ ಮೇಲೆ ಇಲ್ಲಿನ ಲೈಸೆನ್ಸೇ ಬೇಕು. ಮೊದಲು ಎಲ್‌ಎಲ್‌ಆರ್, ಅದಾಗಿ ಒಂದು ತಿಂಗಳು ಕಳೆದ ಮೇಲೆ ಟೆಸ್ಟು. ಪಾಸ್‌ಪೋರ್ಟು, ವೀಸಾ, ವಿದೇಶಿಯರು ಮಾಡಿಸಬೇಕಾದ ನೋಂದಣಿ ಎಲ್ಲವೂ ಸರಿಯಿದ್ದವು. ವಿಳಾಸಕ್ಕೆ ಕೊಟ್ಟ ಕರೆಂಟ್ ಬಿಲ್ಲು ಇನ್ನೂ ಮಾವನ ಹೆಸರಿನಲ್ಲೇ ಇದ್ದದ್ದರಿಂದ ಒಮ್ಮೆ ವಾಪಸು ಬಂತು. ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆಯಲ್ಲಿ ಆಕೆ ಒಂದೇ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದಳು. ಮುಂದಿನ ವಾಹನವನ್ನು ಯಾವ ಬದಿಯಿಂದ ಹಿಂದಿಕ್ಕಬೇಕು ಎಂಬುದಕ್ಕೆ ಎಡದಿಂದ ಎಂದು ಒತ್ತಿದ್ದಳು. ಒಂದು ತಪ್ಪಿಗೆ ಯಾರೂ ಫೇಲಾಗುವುದಿಲ್ಲ. ನಾನೂ ಅದನ್ನು ದೊಡ್ಡದು ಮಾಡಲಿಲ್ಲ.

ನಮ್ಮಿಬ್ಬರ ನಡುವೆ ನಡೆಯುತ್ತಿದ್ದದ್ದು ಆಕೆ ಅತ್ತೆಯಿಂದ ಕಲಿತ ದಖನಿ ಉರ್ದು, ನನ್ನ ಹರಕು ಹಿಂದಿ, ಇಬ್ಬರಿಗೂ ಬರುವಷ್ಟು ಇಂಗ್ಲಿಷ್. ಇಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೇನೆ. "ನಕ್ಕೋ" ಅನ್ನುವ ಒಂದು ಮಾತನ್ನು ಮಾತ್ರ ಬದಲಿಸಲು ಮನಸ್ಸಿಲ್ಲ. ಬೇಡ ಎಂದು ಅದರ ಅರ್ಥ. ಗೇರ್ ಹಾಕಲು ನಾನು ಕೈ ಚಾಚಿದರೆ ನಕ್ಕೋ, ಹಾರ್ನ್ ಹೊಡೆಯಲು ಹೋದರೆ ನಕ್ಕೋ. ಆಕೆಗೆ ಸಹಾಯ ಅಂದರೆ ಆಗುತ್ತಿರಲಿಲ್ಲ.

ಬೇಕಾಗಿಯೂ ಇರಲಿಲ್ಲ. ಹೊಸಬರಿಗೆ ನಾನು ಮೂರು ದಿನ ಕ್ಲಚ್ಚನ್ನೇ ಹೇಳಿಕೊಡುತ್ತೇನೆ. ಈಕೆ ಮೊದಲ ಅರ್ಧ ಗಂಟೆಯಲ್ಲಿ ಹಲಸೂರು ಕೆರೆಯ ಸುತ್ತ ಒಂದು ಸುತ್ತು ಬಂದು, ಹಳೇ ಮದ್ರಾಸ್ ರಸ್ತೆಗೆ ಇಳಿದು, ಎರಡು ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ಹೊರಟಳು. ವಿದೇಶದಿಂದ ಬಂದವರು ನಮ್ಮ ಟ್ರಾಫಿಕ್ಕಿಗೆ ಹೆದರುತ್ತಾರೆ ಅಂದುಕೊಂಡಿದ್ದೆ. ಈಕೆ ನಮ್ಮ ಟ್ರಾಫಿಕ್ಕನ್ನು ನೋಡಿ, "ಪರವಾಗಿಲ್ಲ, ಎಲ್ಲರೂ ಮೆಲ್ಲಗೆ ಹೋಗ್ತಾರೆ" ಅಂದಳು. ತೊಂದರೆ ಇದ್ದದ್ದು ಒಂದೇ. ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಓಡುತ್ತಿತ್ತು. ಆಕೆಯ ಹಳೆಯ ಕಾರಿನಲ್ಲಿ ಆ ಎರಡು ಕಡ್ಡಿಗಳು ಅದಲುಬದಲಾಗಿದ್ದವು. ನೆತ್ತಿ ಸುಡುವ ಬಿಸಿಲಿನಲ್ಲಿ ಗಾಜು ಒರೆಸಿಕೊಂಡು ಹೋಗುವ ನಮ್ಮ ಕಾರನ್ನು ಇಂದಿರಾನಗರದ ಸಿಗ್ನಲ್ಲಿನಲ್ಲಿ ಜನ ಬಗ್ಗಿ ನೋಡುತ್ತಿದ್ದರು. ನನಗೆ ಒಳಗೊಳಗೇ ಖುಷಿ. ವರ್ಷಕ್ಕೊಬ್ಬರು ಇಂಥವರು ಸಿಕ್ಕರೆ ನನ್ನ ಬೆನ್ನುನೋವು ಅರ್ಧ ಕಡಿಮೆಯಾಗುತ್ತದೆ.

ಟೆಸ್ಟಿಗೆ ಹತ್ತು ಹನ್ನೆರಡು ದಿನ ಇದ್ದಾಗ, ಮಗಳ ದಾರಿಯನ್ನೇ ಒಮ್ಮೆ ಓಡಿಸಿ ನೋಡೋಣವೆಂದು ಜೀವನ್‌ಬಿಮಾನಗರ ದಾಟಿ ವಿಮಾನಪುರದ ಕಡೆ ಹೊರಟೆವು. ನಡುವೆ ಡಿವೈಡರ್ ಇಲ್ಲದ ಒಂದು ಕಿರಿದಾದ ರಸ್ತೆ ಬರುತ್ತದೆ. ಎದುರಿನಿಂದ ಬರುತ್ತಿದ್ದ ಟೆಂಪೋವನ್ನು ಹಿಂದಿಕ್ಕಿ ಒಬ್ಬ ಬೈಕಿನವನು ಸೀದಾ ನಮ್ಮ ಮುಂದೆಯೇ ಬಂದ. ಇಂಥ ಹೊತ್ತಿನಲ್ಲಿ ನಮ್ಮವರು ಯೋಚಿಸುವುದಿಲ್ಲ. ಅವನು ಅವನ ಎಡಕ್ಕೆ ಸರಿಯುತ್ತಾನೆ, ನಾವು ನಮ್ಮ ಎಡಕ್ಕೆ ಸರಿಯುತ್ತೇವೆ, ಬೈದುಕೊಂಡು ಮುಂದೆ ಹೋಗುತ್ತೇವೆ. ಆಕೆ ಬಲಕ್ಕೆ ಎಳೆದಳು. ಅವನ ಎಡವೂ ನಮ್ಮ ಬಲವೂ ರಸ್ತೆಯ ಒಂದೇ ಬದಿ. ಅವನು ತಪ್ಪಿಸಿಕೊಳ್ಳಲು ಎಲ್ಲಿಗೆ ಹೋದನೋ ನಾವೂ ಅಲ್ಲಿಗೇ ಹೋದೆವು. ನನ್ನ ಕಾಲು ಬ್ರೇಕನ್ನು ನೆಲಕ್ಕೆ ಒತ್ತಿತು. ಬೈಕಿನ ಕನ್ನಡಿ ನಮ್ಮ ಬಾನೆಟ್ಟಿಗೆ ತಾಗುವುದೊಂದು ಬಾಕಿ.

"ಗುರು, ಯಾವ್ ಸೈಡ್ ಬರ್ತಿದೀರಾ ನೀವು?" ಎಂದು ಅವನು ಕೂಗಾಡಿ ಹೋದ. ತಪ್ಪು ಅವನದೂ ಇತ್ತು. ಆಕೆ ಬೆವರು ಒರೆಸಿಕೊಂಡು, "ಅಲ್ಲಿ ಹಾಗೆ. ಇನ್ನೊಂದ್ಸಲ ಆಗಲ್ಲ" ಅಂದಳು.

ಮಾರನೆಯ ದಿನವೂ ಆಯಿತು. ಹಲಸೂರು ಪೇಟೆಯ ಹಿಂದಿನ ಓಣಿಯಲ್ಲಿ ಆಟೋ ಎದುರಾಯಿತು, ಆಕೆಯ ಕೈ ಮತ್ತೆ ಬಲಕ್ಕೆ ಹೋಯಿತು, ನನ್ನ ಕಾಲು ಮತ್ತೆ ಕಾರು ನಿಲ್ಲಿಸಿತು. ಅವತ್ತಿನಿಂದ ದಿನಾ ಎಡ, ಎಡ ಎಂದು ಪಾಠ ಮಾಡಿದೆ. ಸ್ಟೀರಿಂಗಿನ ಎಡಬದಿಗೆ ಕೆಂಪು ಟೇಪು ಸುತ್ತಿದೆ. ಕೇಳಿದರೆ ಸರಿಯಾಗಿ ಹೇಳುತ್ತಿದ್ದಳು, ನಿಧಾನಕ್ಕೆ ಬಂದ ವಾಹನಕ್ಕೆ ಸರಿಯಾಗಿ ಎಡಕ್ಕೆ ಸರಿಯುತ್ತಿದ್ದಳು. ಗಕ್ಕನೆ ಬಂದರೆ ಮಾತ್ರ ಬಲ. ತಲೆಗೆ ಬೆಂಗಳೂರಿಗೆ ಬಂದದ್ದು ತಿಳಿದಿತ್ತು, ಕೈ ಇನ್ನೂ ಶಿರಾಜಿನಲ್ಲಿತ್ತು.

ಟೆಸ್ಟಿಗೆ ಎರಡು ದಿನ ಇರುವಾಗ ನಮ್ಮ ಸ್ಕೂಲಿನ ಓನರಿಗೆ ಹೇಳಿದೆ, ಈಕೆಯನ್ನು ಈ ಸಲ ಕರೆದುಕೊಂಡು ಹೋಗುವುದಿಲ್ಲ ಎಂದು. ಅವರು ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಕೋಪ ಬಂದರೆ ತಮಿಳು ಬರುತ್ತದೆ, ಜಾಸ್ತಿ ಕೋಪ ಬಂದರೆ ಕನ್ನಡ.

"ಏನ್ ಮೇಡಂ ನೀವು? ಎಂಟು ಹಾಕ್ಬೇಕು, ರಿವರ್ಸ್ ತಗೋಬೇಕು, ಅಪ್‌ನಲ್ಲಿ ನಿಲ್ಸಿ ಎತ್ಬೇಕು. ಅಷ್ಟೇ ತಾನೇ ಟೆಸ್ಟು? ಆಯಮ್ಮ ನಿಮಗಿಂತ ಚೆನ್ನಾಗ್ ಓಡಿಸ್ತಾರೆ!"

"ಟ್ರ್ಯಾಕಿನ್ಯಾಗ ಎದುರಿಗೆ ಯಾರೂ ಬರಂಗಿಲ್ರೀ ಸರ್. ಆಕಿ ಪಾಸಾಗ್ತಾಳ. ಅದಕ್ಕ ನನಗ ಹೆದರಿಕಿ." ಸಿಟ್ಟು ಬಂದರೆ ನನಗೆ ರಾಣೆಬೆನ್ನೂರು ಬರುತ್ತದೆ.

"ಪಾರ್ಟಿಗೆ ನೀವೇ ಹೇಳ್ಕೊಳ್ಳಿ. ನಾನ್ ಹೇಳಲ್ಲ" ಅಂದು ಅವರು ಕೈತೊಳೆದುಕೊಂಡರು.

ಹೇಳಲು ಫ್ರೇಜರ್ ಟೌನಿನ ಅವರ ಮನೆಗೆ ಹೋದೆ. ಅತ್ತೆ ಸುಲೈಮಾನಿ ಚಹಾ ಕೊಟ್ಟರು. ಮಗು ಹಜಾರದಲ್ಲಿ ವಾಕರ್ ತಳ್ಳಿಕೊಂಡು ಗೋಡೆಯಿಂದ ಗೋಡೆಗೆ ಓಡಾಡುತ್ತಿತ್ತು. ಪ್ರತಿ ಗೋಡೆ ಮುಟ್ಟಿದಾಗಲೂ ಅಮ್ಮನ ಕಡೆ ನೋಡುತ್ತಿತ್ತು. ನಾನು ವಿಷಯ ಹೇಳಿದೆ. ಆಕೆ ಮೊದಲು ನಂಬಲಿಲ್ಲ, ಆಮೇಲೆ ಎದ್ದು ನಿಂತಳು.

"ಹದಿನಾಲ್ಕು ವರ್ಷದಿಂದ ಓಡಿಸ್ತಿದೀನಿ ಟೀಚರ್. ಶಿರಾಜಿಂದ ಟೆಹರಾನಿಗೆ ಒಬ್ಬಳೇ ಹೋಗಿದೀನಿ. ನನ್ನ ಮಗಳ ಬ್ಯಾಚು ಸೋಮವಾರ ಶುರು ಆಗತ್ತೆ, ಗೊತ್ತಾ ನಿಮಗೆ?"

"ಗೊತ್ತು. ಹೊಸಬರಾಗಿದ್ರೆ ನಾನು ಇಷ್ಟು ಹೆದರ್ತಿರ್ಲಿಲ್ಲ. ಅವರಿಗೆ ಗಾಬರಿ ಆದ್ರೆ ಕೈ ಎಲ್ಲಿಗೆ ಹೋಗ್ಬೇಕು ಅಂತಾನೇ ಗೊತ್ತಿರಲ್ಲ. ನಿಮ್ಮ ಕೈಗೆ ಚೆನ್ನಾಗಿ ಗೊತ್ತು. ಆ ಕಡೆಗೇ ಹೋಗತ್ತೆ. ಹಿಂದಿನ ಸೀಟಲ್ಲಿ ಮಗು ಇರತ್ತೆ."

ಮಗುವಿನ ಹೆಸರೆತ್ತಿದ್ದನ್ನು ಆಕೆಗೆ ತಡೆದುಕೊಳ್ಳಲಾಗಲಿಲ್ಲ. "ಮಗು ವಿಷಯ ನಕ್ಕೋ!" ಎಂದು ಒಳಗೆ ಹೋದಳು. ಅತ್ತೆ ನನ್ನ ಖಾಲಿ ಲೋಟ ತೆಗೆದುಕೊಂಡು, "ಬಹೂಗೆ ಸಿಟ್ಟು ಬೇಗ ಬರತ್ತೆ. ನೀವು ಬರೋದು ನಿಲ್ಲಿಸ್ಬೇಡಿ" ಅಂದರು. ದಾರಿಯುದ್ದಕ್ಕೂ ನನಗೆ ಸಂಕಟ. ಬೇರೆಯವರ ಮಗುವಿನ ಕಾಲಿನ ವಿಚಾರದಲ್ಲಿ ತೀರ್ಮಾನ ಮಾಡಲು ನಾನು ಯಾರು ಅನ್ನಿಸುತ್ತಿತ್ತು. ತಪ್ಪು ಮಾಡಿದೆನೇನೋ ಎಂದು ಮನೆಯಲ್ಲಿ ಗಂಡನನ್ನು ಕೇಳಿದೆ. ಅವರು ಫೋನಿನಿಂದ ತಲೆಯೆತ್ತದೆ ಸರಿ ಅಂದರು. ಅದರಿಂದ ಏನೂ ಸಮಾಧಾನವಾಗಲಿಲ್ಲ.

ಸೋಮವಾರದಿಂದ ಅವರು ಕ್ಯಾಬಿನಲ್ಲಿ ಹೋಗಲು ನೋಡಿದರು. ಒಂದು ದಿನ ಕ್ಯಾನ್ಸಲ್ ಆಯಿತು, ಇನ್ನೊಂದು ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ವಾರ ಮುಗಿಯುವಷ್ಟರಲ್ಲಿ ಸೆಂಟರಿನವರು ಮಗುವನ್ನು ಮುಂದಿನ ಬ್ಯಾಚಿಗೆ ಹಾಕಿದರು. ಮುಂದಿನ ಬ್ಯಾಚು ಅಂದರೆ ಎರಡು ತಿಂಗಳು. ಆಕೆ ಕ್ಲಾಸಿಗೆ ಬಂದಳು, ಆದರೆ ಮಾತಾಡಲಿಲ್ಲ. ನಾನು ಎಡ ಅಂದರೆ ಎಡಕ್ಕೆ, ಬಲ ಅಂದರೆ ಬಲಕ್ಕೆ ತಿರುಗಿಸಿ, ಗಂಟೆ ಮುಗಿದ ಕೂಡಲೇ ಇಳಿದು ಹೋಗುತ್ತಿದ್ದಳು.

ಅಂಥ ಒಂದು ಸಂಜೆ ಅಡುಗೆಮನೆಯಲ್ಲಿ ನಿಂತಿದ್ದಾಗ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಎಣ್ಣೆ ಹಚ್ಚುತ್ತ ಕೂತೆ. ಯಾಕೆ ಬಲಗಾಲೇ ಅಂದುಕೊಂಡೆ. ದಿನವಿಡೀ ತುಳಿಯುವುದು ಅದೇ. ಬೈಕು ಬಂದಾಗ ತುಳಿದದ್ದು ಅದು, ಆಟೋ ಬಂದಾಗ ತುಳಿದದ್ದು ಅದು. ಹಾಗಾದರೆ ಆಕೆಯ ಕಾಲು? ಎರಡೂ ಸಲ ಆಕೆ ಬ್ರೇಕನ್ನು ಮುಟ್ಟಿಯೇ ಇರಲಿಲ್ಲ! ನಾನಿದ್ದೆನಲ್ಲ. ಈ ಕಾರಿನಲ್ಲಿ ಅಪಾಯ ಬಂದರೆ ಕಾರು ತಾನಾಗಿ ನಿಲ್ಲುತ್ತದೆ ಎಂದು ಆಕೆಯ ಕಾಲಿಗೆ ಇಷ್ಟು ದಿನದಲ್ಲಿ ತಿಳಿದುಹೋಗಿತ್ತು. ನಾನು ಕೈಯ ಹಿಂದೆ ಬಿದ್ದು ಎಡ, ಎಡ ಎಂದು ಬಡಬಡಿಸುತ್ತಿದ್ದೆ. ಹದಿನಾಲ್ಕು ವರ್ಷದ ಕೈಯನ್ನು ನಾನು ಎರಡು ತಿಂಗಳಲ್ಲಿ ಬದಲಿಸಲಾರೆ. ಆದರೆ ಬ್ರೇಕು ಯಾವ ದೇಶದಲ್ಲೂ ಒಂದೇ ಜಾಗದಲ್ಲಿರುತ್ತದೆ. ಎಡವೂ ಬೇಡ, ಬಲವೂ ಬೇಡ. ಹೆದರಿಕೆಯಾದರೆ ಕೈ ಅಲ್ಲಾಡಬಾರದು, ಕಾಲು ತುಳಿಯಬೇಕು. ಕಲಿಸಬೇಕಾದದ್ದು ಅಷ್ಟೇ. ಅದನ್ನು ಕಲಿಸಲು ನನ್ನ ಕಾಲು ಅಲ್ಲಿ ಇರಬಾರದು.

ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಒಳಗೆ ಹೋದರೆ ಒಂದು ಹೊಸ ಲೇಔಟು ಸಿಗುತ್ತದೆ. ರಸ್ತೆ ಹಾಕಿದ್ದಾರೆ, ಮನೆಗಳಿನ್ನೂ ಎದ್ದಿಲ್ಲ. ಎದುರಿನಿಂದ ಬರಲು ಯಾರಾದರೂ ಬೇಕಿತ್ತು. ಓನರನ್ನೇ ಕೇಳಿದೆ. "ನಂಗೆ ಹೆಂಡ್ತಿ ಮಕ್ಕಳಿದ್ದಾರೆ ಮೇಡಂ" ಅಂದರು. ಮಾರನೆಯ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಬಂದರು.

ಆಕೆ ಸ್ಟೀರಿಂಗ್ ಹಿಡಿದು ಕೂತಳು. ನಾನು ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿಕೊಂಡು, ಮೇಲೆ ಬೆಲ್ಟು ಬಿಗಿದುಕೊಂಡೆ. ಓನರ್ ಕಿಟಕಿಯಲ್ಲಿ ಬಗ್ಗಿ ನೋಡಿ, "ಎಲೆ ಹಾಕಿಸ್ಲಾ ಮೇಡಂ?" ಅಂದರು. ಎಷ್ಟೋ ದಿನದ ಮೇಲೆ ಆಕೆ ಬಾಯಿಬಿಟ್ಟಳು.

"ಕಾಲು ಯಾಕೆ ಮೇಲೆ?"

"ಇನ್ಮೇಲೆ ಈ ಕಾರಲ್ಲಿ ಇರೋದು ಒಂದೇ ಬ್ರೇಕು. ನಿಮ್ಮದು. ಯಾರು ಅಡ್ಡ ಬಂದರೂ ಕೈ ತಿರುಗಿಸ್ಬೇಡಿ. ಗಟ್ಟಿಯಾಗಿ ಹಿಡ್ಕೊಂಡು ತುಳೀರಿ. ನಿಂತ ಮೇಲೆ ಯೋಚನೆ ಮಾಡೋಣ."

ಆಕೆ ನನ್ನ ಮಂಡಿಗಳನ್ನೂ ಮುಖವನ್ನೂ ಒಮ್ಮೆ ನೋಡಿ ಗೇರ್ ಹಾಕಿದಳು. ಮೊದಲ ಸಲ ಸ್ಕೂಟರ್ ನುಗ್ಗಿದಾಗ ಕೈ ಬಲಕ್ಕೇ ಹೋಯಿತು. ಕಾರು ರಸ್ತೆ ಬಿಟ್ಟು ಜಲ್ಲಿಯ ರಾಶಿಗೆ ಮೂತಿ ಇಟ್ಟು ಆಫ್ ಆಯಿತು. ಓನರ್ ಸ್ಕೂಟರ್ ಬಿಟ್ಟು ಮೋರಿಯ ಕಡೆ ಹಾರಿದ್ದರು. ಆದರೂ ನಾನು ಕಾಲು ಕೆಳಗಿಳಿಸಲಿಲ್ಲ. ಎರಡನೇ ಸಲ ಕೈ ಸ್ವಲ್ಪ ಅಲ್ಲಾಡಿತು, ಬ್ರೇಕು ಬಿತ್ತು. ಅವತ್ತು ಬಿಸಿಲೇರುವವರೆಗೆ ಮಾಡಿದೆವು. ಮರುದಿನವೂ ಮಾಡಿದೆವು. ಓನರಿಗೆ ಇದು ಮೋಜಾಗಿ, ಎಲ್ಲಿಂದ ಬರುತ್ತೇನೆಂದು ಹೇಳದೆ ಮೂಲೆಯ ಹಿಂದೆ ಬಚ್ಚಿಟ್ಟುಕೊಳ್ಳತೊಡಗಿದರು. ಆಮೇಲೆ ನಿಜವಾದ ರಸ್ತೆ. ಮಹದೇವಪುರ, ಇಂದಿರಾನಗರ, ಹಲಸೂರಿನ ಓಣಿಗಳು. ನಾನು ಎಲ್ಲ ಕಡೆಯೂ ಪೂಜೆಗೆ ಕೂತವಳಂತೆ ಕೂತೇ ಹೋದೆ. ಬಸ್ಸಿನಲ್ಲಿದ್ದವರು ನೋಡಿ ನಕ್ಕರು. ಹಲಸೂರು ಪೇಟೆಯಲ್ಲಿ ಒಂದು ಆಟೋ ಗಕ್ಕನೆ ತಿರುಗಿಕೊಂಡು ಎದುರಿಗೆ ಬಂದಾಗ ಕಾರು ನೆಟ್ಟಗೆ ನಿಂತಿತು. ನಾನು ಏನೂ ಮಾಡಿರಲಿಲ್ಲ. ಆಕೆ ಉಸಿರು ಬಿಟ್ಟು, "ಹೇಳಿ, ಈಗ ಯೋಚನೆ ಮಾಡೋಣ" ಅಂದಳು. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಹೊಸ ತಾರೀಖಿಗೆ ಟೆಸ್ಟಿಗೆ ಹೋದೆವು. ಎಂಟು ಸಲೀಸಾಗಿ ಬಂತು, ರಿವರ್ಸೂ ಬಂತು, ಏರಿನಲ್ಲಿ ಕಾರು ಒಂದಿಂಚೂ ಹಿಂದೆ ಸರಿಯಲಿಲ್ಲ. ಕೊನೆಯಲ್ಲಿ ಎಡಕ್ಕೆ ತಿರುಗಿಸಿ ಎಂದಾಗ ವೈಪರ್ ಓಡಿತು. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರು ಅದು ಎರಡು ಸಲ ಓಡಾಡುವುದನ್ನು ನೋಡಿ, "ಗಾಜು ಕ್ಲೀನಾಯ್ತಲ್ಲಮ್ಮ, ಈಗ ಇಂಡಿಕೇಟರ್ ಹಾಕಿ" ಅಂದರಂತೆ. ಪಾಸು ಮಾಡಿದರು. ಲೈಸೆನ್ಸ್ ಅಂಚೆಯಲ್ಲಿ ಬಂದ ದಿನ ಅತ್ತೆ ನಮ್ಮ ಸ್ಕೂಲಿಗೆ ಒಂದು ದೊಡ್ಡ ಡಬ್ಬಿ ಖರ್ಜೂರ ಕಳಿಸಿದ್ದರು. ಓನರ್ ಅದನ್ನು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡರು.

ಮುಂದಿನ ಬ್ಯಾಚು ಶುರುವಾಗುವ ದಿನ ಆಕೆ ಫೋನ್ ಮಾಡಿ, "ಒಂದು ದಿನ ಜೊತೆಗೆ ಬನ್ನಿ" ಅಂದಳು. ಬೆಳಿಗ್ಗೆ ಹೋದೆ. ಮಾವನ ಕಾರಿನ ಹೊದಿಕೆ ತೆಗೆದು, ಹೊಸ ಬ್ಯಾಟರಿ ಹಾಕಿಸಿದ್ದರು. ಹಿಂದಿನ ಸೀಟಿನ ಉದ್ದಕ್ಕೂ ಮಗು ಕಾಲು ಚಾಚಿ ಕೂತಿತ್ತು. ಮಾವ ಕಾರನ್ನು ಗ್ಯಾಸಿನಲ್ಲಿ ಓಡಿಸಲು ಹಾಕಿಸಿದ್ದ ಸಿಲಿಂಡರು ಡಿಕ್ಕಿಯನ್ನು ತುಂಬಿಕೊಂಡಿದ್ದರಿಂದ ವಾಕರಿಗೆ ಅಲ್ಲಿ ಜಾಗವಿರಲಿಲ್ಲ. ನಾನು ಮುಂದೆ ಕೂತು, ಮಡಿಸಿದ ವಾಕರನ್ನು ತೊಡೆಯ ಮೇಲಿಟ್ಟುಕೊಂಡೆ. ಅದರ ಒಂದು ಕಾಲು ಕಿಟಕಿಗೆ ತಾಗುತ್ತಿತ್ತು, ಇನ್ನೊಂದು ನನ್ನ ಗಲ್ಲಕ್ಕೆ.

ವಿಮಾನಪುರಕ್ಕೆ ಇನ್ನೇನು ಸ್ವಲ್ಪ ದೂರ ಅನ್ನುವಾಗ, ನೀರಿನ ಟ್ಯಾಂಕರಿನ ಹಿಂದಿನಿಂದ ಒಂದು ಸ್ಕೂಟರು ಹೊರಬಂತು. ಮೇಲೆ ಇಬ್ಬರಿದ್ದರು. ಸೀದಾ ನಮ್ಮ ಮುಂದೆ. ನನ್ನ ಬಲಗಾಲು ನನ್ನನ್ನು ಕೇಳದೆ ನೆಲದ ಮ್ಯಾಟನ್ನು ತುಳಿಯಿತು. ಅಲ್ಲಿ ಏನೂ ಇರಲಿಲ್ಲ. ಕಾರು ನಿಂತಿತು. ಸ್ಟೀರಿಂಗ್ ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ಸ್ಕೂಟರಿನವರು ತಮ್ಮ ಎಡಕ್ಕೆ ಜಾರಿಕೊಂಡು, ನಮ್ಮ ಬಲಬದಿಯಿಂದ ದಾಟಿ ಹೋದರು. ಬಲಕ್ಕೆ ಜಾಗವಿತ್ತು, ಆಕೆ ಅಲ್ಲಿಗೆ ಹೋಗಿರಲಿಲ್ಲ. ಹಿಂದಿನಿಂದ ಮಗು, "ಅಮ್ಮಾ, ಲೇಟಾಗತ್ತೆ" ಅಂದಿತು. ಆಕೆ ಫಸ್ಟ್ ಗೇರ್ ಹಾಕಿದಳು.

ಸೆಂಟರಿನ ಗೇಟಿನ ಮುಂದೆ ಕಾರು ನಿಲ್ಲಿಸಿ, ನನ್ನ ತೊಡೆಯ ಮೇಲಿದ್ದ ವಾಕರನ್ನು ತೆಗೆದುಕೊಂಡು ಹೋಗಿ ಮಗುವಿನ ಮುಂದೆ ಬಿಡಿಸಿದಳು. ಮಗು ಇಳಿಯಿತು, ಎರಡೂ ಹಿಡಿಗಳನ್ನು ಹಿಡಿಯಿತು, ನಮ್ಮಿಬ್ಬರನ್ನೂ ನೋಡದೆ ಒಳಗೆ ನಡೆಯತೊಡಗಿತು. ನಾಳೆಯೂ ಒಮ್ಮೆ ಬರಲೇ ಎಂದು ಕೇಳುವಷ್ಟರಲ್ಲಿ ಆಕೆಯೇ ಕಿಟಕಿಯ ಹತ್ತಿರ ಬಂದಳು.

"ನಾಳೆಯಿಂದ ನೀವು ನಕ್ಕೋ ಟೀಚರ್" ಅಂದಳು. "ಆ ಸೀಟು ವಾಕರಿಗೆ ಬೇಕು."